ಬಾನೆಟ್ಟಿನ ಕೆಳಗಿನ ಕೆಂಪು

ಭಾನುವಾರ ಮುಂಜಾನೆ ದುರುಗೇಶ ಮನೆಮಂದಿಯನ್ನೆಲ್ಲ ಅಂಗಳಕ್ಕೆ ಕರೆದ. ಅವನ ಅವ್ವ ಯಮನಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದಳು. ಕಾಲುವೆ ನೌಕರಿಯಿಂದ ನಿವೃತ್ತನಾಗಿದ್ದ ಅಪ್ಪ ದುರುಗಪ್ಪ ಪೇಪರು ಮಡಚಿಟ್ಟು ಬಂದ. ಅಣ್ಣ ಶಿವಪ್ರಸಾದ ಹಲ್ಲುಜ್ಜುತ್ತಲೇ ಬಂದ. ಕಡೆಗೆ ಬಂದವಳು ಅತ್ತಿಗೆ ಸುರೇಖಾ. ಕಾರು ಅವಳದು.

ದುರುಗೇಶ ಬಾನೆಟ್ ಎತ್ತಿ ಕಡ್ಡಿ ಕೊಟ್ಟು ನಿಲ್ಲಿಸಿದ.

ಎಂಜಿನ್ನಿನ ಮೇಲಿನ ಮುಚ್ಚಳ, ಬ್ಯಾಟರಿಯ ಡಬ್ಬಿ, ಫ್ಯೂಸಿನ ಪೆಟ್ಟಿಗೆ, ನಿನ್ನೆವರೆಗೆ ಕರಿ ಪ್ಲಾಸ್ಟಿಕ್ಕಾಗಿ ಧೂಳು ತಿನ್ನುತ್ತಿದ್ದದ್ದೆಲ್ಲ ಈಗ ಹೊಳೆಯುವ ಕೆಂಪು. ಒಂದು ಸುಕ್ಕಿಲ್ಲ, ಒಂದು ಗುಳ್ಳೆಯಿಲ್ಲ.

"ವಿನೈಲ್ ಹಾಳಿ," ಅಂದ. "ಹೊರಗಿನ ಬಾಡಿಗೆ ಎಲ್ಲಾರೂ ಹಚ್ಚತಾರ. ಒಳಗ ಎಂಜಿನ್ನಿಗೆ ಹಚ್ಚಾಂವ ಸಿಂಧನೂರಾಗ ನಾನೊಬ್ಬನ."

"ಮದಿವಿ ಮಗಳಂಗ ಕಾಣಾಕತ್ತೈತಲ್ಲೋ!" ಯಮನಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ನನ್ನ ಒಂದು ಮಾತು ಕೇಳಬೇಕಿತ್ತಿಲ್ಲ?" ಅಂದಳು ಸುರೇಖಾ.

"ಕೇಳಿದ್ರ ನೀವು ಬ್ಯಾಡ ಅಂತಿದ್ರಿ ಅತ್ತಿಗಿ," ಎಂದು ದುರುಗೇಶ ನಕ್ಕ. ಶಿವಪ್ರಸಾದನೂ ನಕ್ಕ. ಅವನಿಗೆ ಮನೆಯಲ್ಲಿ ಯಾವ ಮಾತೂ ಜಗಳದ ತನಕ ಹೋಗಬಾರದು, ಅಷ್ಟೆ.

ಗಂಗಾವತಿ ರಸ್ತೆಯಲ್ಲಿ ದುರುಗೇಶನದು ರೇಡಿಯಂ ಸ್ಟಿಕರಿನ ಸಣ್ಣ ಅಂಗಡಿ. ನಂಬರ್ ಪ್ಲೇಟು, ಟ್ರ್ಯಾಕ್ಟರಿನ ಹಿಂದೆ ಮಕ್ಕಳ ಹೆಸರು, ಬೈಕಿನ ಟ್ಯಾಂಕಿಗೆ ಹುಲಿ. ಕೈ ಚೊಕ್ಕ, ಗಿರಾಕಿ ಕಡಿಮೆ. ಬಿ.ಎ. ಓದಿ ಮನೆಯಲ್ಲಿ ಕೂತಿದ್ದ ಹುಡುಗ ಏನೋ ಒಂದು ಹಿಡಿದನಲ್ಲ ಎಂದು ಯಮನಮ್ಮ ಅದನ್ನೇ ದೊಡ್ಡದು ಮಾಡಿಕೊಂಡಿದ್ದಳು. ಹಿರಿಯ ಮಗ ಮಸ್ಕಿಯಲ್ಲಿ ಹೈಸ್ಕೂಲು ಮೇಷ್ಟ್ರು, ಸೊಸೆ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ನರ್ಸು. ಇಬ್ಬರೂ ಮುಂಜಾನೆ ಒಂದೇ ಕಾರಿನಲ್ಲಿ ಹೊರಡುತ್ತಿದ್ದರು. ಮಸ್ಕಿಯಲ್ಲಿ ಗಂಡನನ್ನು ಇಳಿಸಿ ಸುರೇಖಾ ಒಬ್ಬಳೇ ಮುಂದೆ ಹೋಗುತ್ತಿದ್ದಳು. ಅವಳಿಗೀಗ ಐದು ತಿಂಗಳು.

ಕೆಂಪು ಹಾಳೆಯ ವಿಡಿಯೋ ದುರುಗೇಶನ ಮೊಬೈಲಿನಿಂದ ಹೋಗಿ ಎಲ್ಲೆಲ್ಲೋ ತಿರುಗಿತು. ಬಳಗಾನೂರಿನಿಂದ, ಸಾಲಗುಂದದಿಂದ ಹುಡುಗರು ಬೈಕಿನಲ್ಲಿ ಬಂದು ಅಂಗಳದಲ್ಲಿ ಬಾನೆಟ್ ಎತ್ತಿಸಿ ನೋಡಿ ಹೋದರು. ಸುರೇಖಾ ಡ್ಯೂಟಿ ಮುಗಿಸಿ ಬಂದು ಕಾಲು ನೀಡಿ ಕೂರುವಷ್ಟರಲ್ಲಿ ಯಾರಾದರೂ ಬಂದು ನಿಂತಿರುತ್ತಿದ್ದರು.

"ಅತ್ತಿಗಿ, ಚಾವಿ."

ಚಾವಿ ಕೊಡುತ್ತಿದ್ದಳು. ಯಮನಮ್ಮ ಬಂದವರಿಗೆ ಚಹಾ ಕಾಸುತ್ತಿದ್ದಳು.

ವಾಸನೆ ಶುರುವಾದದ್ದು ಆ ನಂತರದ ವಾರ. ಮಸ್ಕಿ ದಾಟಿ ಏರು ರಸ್ತೆಯಲ್ಲಿ ಗಾಡಿ ಎಳೆಯುವಾಗ ಏಸಿಯ ಗಾಳಿಯೊಳಗೆ ಸಿಹಿಯಾದ, ಗಂಟಲಿಗೆ ಅಂಟುವ ವಾಸನೆ ಬಂತು. ಮೊದಲ ದಿನ ಹೊಲದಲ್ಲಿ ಯಾರೋ ಏನೋ ಸುಡುತ್ತಿದ್ದಾರೆ ಅಂದುಕೊಂಡಳು. ಮರುದಿನವೂ ಅದೇ ಬಂತು.

ರಾತ್ರಿ ಊಟಕ್ಕೆ ಕೂತಾಗ ಹೇಳಿದಳು. ಪುಂಡಿಪಲ್ಯ, ಜೋಳದ ರೊಟ್ಟಿ, ಶೇಂಗಾ ಚಟ್ನಿ. ಅವಳ ತಾಟಿನ ರೊಟ್ಟಿ ಮುರಿದದ್ದು ಮುರಿದಂತೆಯೇ ಇತ್ತು.

"ಗಾಡ್ಯಾಗ ಪ್ಲಾಸ್ಟಿಕ್ ಸುಟ್ಟಂಗ ಬರಾಕತ್ತೈತಿ."

"ಹೊಸಾ ಅಂಟು ಅತ್ತಿಗಿ, ನಾಕು ದಿನ ಹಂಗ ಬರತೈತಿ," ಅಂದ ದುರುಗೇಶ.

"ಬಸುರಿಗೆ ಎಲ್ಲಾ ವಾಸನಿನ," ಅಂದಳು ಯಮನಮ್ಮ. "ಶಿವ್ಯಾ ಹೊಟ್ಟ್ಯಾಗಿದ್ದಾಗ ನನಗ ಕುದಿಯೋ ಅನ್ನದ ವಾಸನಿ ಬಂದ್ರ ಸೈತ ಆಗ್ತಿದ್ದಿಲ್ಲ. ಈ ರೊಟ್ಟಿ ತಿನ್ನು ಮದ್ಲ."

"ರೀ, ನಿಮಗ ಬಂದಿಲ್ಲೇನು ವಾಸನಿ?"

ಶಿವಪ್ರಸಾದ ನೀರು ಕುಡಿದು ಲೋಟ ಕೆಳಗಿಟ್ಟ. "ಮಸ್ಕಿ ತನಕ ನನಗೇನೂ ಬರಂಗಿಲ್ಲಪಾ."

ದುರುಗಪ್ಪ ಮಾತ್ರ ಮಗನ ಕಡೆ ನೋಡಿದ. "ಬಿಸಿಗೆ ಏನೂ ಆಗಂಗಿಲ್ಲೇನಲೇ ಅದು?"

"ಬಿಸಿ ತಡಿಯೋ ಹಾಳಿ ಬ್ಯಾರೆ ಇರತೈತಪ್ಪ. ಅದ್ರಾಗ ಈ ಕೆಂಪು ಬರಂಗಿಲ್ಲ. ಇದೂ ತಡೀತೈತಿ, ಏನಾಗಂಗಿಲ್ಲ."

ಅಲ್ಲಿಗೆ ಮಾತು ಮುಗಿಯಿತು. ಆದರೆ ದುರುಗೇಶ ಅಷ್ಟಕ್ಕೆ ನಿಲ್ಲಲಿಲ್ಲ. ಎಂಜಿನ್ನಿನ ಹಿಂಬದಿಯಲ್ಲಿ ಹೊಗೆಯ ಪೈಪಿನ ಮೇಲೆ ಒಂದು ತಗಡಿನ ಹೊದಿಕೆ ಇರುತ್ತದೆ. ಪೈಪಿನ ಕಾವು ಬೇರೆಡೆ ತಟ್ಟದಿರಲೆಂದು ಕಂಪನಿಯವರು ಕೂರಿಸಿದ್ದು. ಕೆಂಪಿನ ನಡುವೆ ಅದೊಂದೇ ಬೋಳಾಗಿ, ತುಕ್ಕು ಬಣ್ಣಕ್ಕೆ ತಿರುಗಿ ವಿಡಿಯೋದಲ್ಲಿ ಕಾಣುತ್ತಿತ್ತು. ಅದನ್ನೂ ಸುತ್ತಿದ. ಜವಳಗೇರಾದ ಇಸ್ಮಾಯಿಲ್‌ಸಾಬ್ ತನ್ನ ದೊಡ್ಡ ಗಾಡಿಗೆ ಹಾಗೆಯೇ ಮಾಡಿಸಿಕೊಂಡ. ಮತ್ತೆ ಕೆಲವರು ಮಾಡಿಸಿಕೊಂಡರು. ದುರುಗೇಶ ಅವ್ವನಿಗೆ ಹೊಸ ಸೀರೆ ತಂದುಕೊಟ್ಟ. ತಿಳಿನೀಲಿ, ಮೈಮೇಲೆ ಜಾರುವಂಥ ನುಣುಪಿನ ಸೀರೆ. ಯಮನಮ್ಮ ಅದನ್ನು ಓಣಿಯವರಿಗೆಲ್ಲ ತೋರಿಸಿ ಬಂದಳು.

ಒಂದು ಮಧ್ಯಾಹ್ನ ಸುರೇಖಾ ಲಿಂಗಸುಗೂರಿನಿಂದ ಬರುವಾಗ ವಾಸನೆ ತಡೆಯಲಾರದೆ ಗಾಡಿ ಬದಿಗೆ ನಿಲ್ಲಿಸಿದಳು. ಕಾವು ಆರುವ ತನಕ ಬೇವಿನ ಗಿಡದ ನೆರಳಲ್ಲಿ ನಿಂತು ಆಮೇಲೆ ಬಾನೆಟ್ ಎತ್ತಿದಳು. ತಗಡಿನ ಮೇಲಿನ ಹಾಳೆಯ ಅಂಚು ಎದ್ದು ಕಂದು ಬಣ್ಣಕ್ಕೆ ತಿರುಗಿ ಸುರುಳಿಯಾಗಿತ್ತು. ಬೆರಳಿಂದ ಮುಟ್ಟಿದಳು. ಬೆಲ್ಲದ ಪಾಕದಂತೆ ಎಳೆಯಾಗಿ ಬಂತು.

ಮನೆಗೆ ಬಂದವಳೇ ಚಪ್ಪಲಿ ಬಿಡದೆ ಬಾಗಿಲಲ್ಲಿ ನಿಂತು ಕರೆದಳು.

"ದುರುಗೇಶ, ಹೊರಗ ಬಾ. ಇದನ್ನೆಲ್ಲಾ ಇವತ್ತ ಕಿತ್ತು ಹಾಕು."

"ಎಲ್ಲಾ ಯಾಕ ಅತ್ತಿಗಿ? ಅಂಚು ಎದ್ದೈತಿ, ಒತ್ತಿದ್ರ ಕುಂದ್ರತೈತಿ."

"ಒತ್ತೋದಲ್ಲ. ಕೀಳು. ನಾ ಒಬ್ಬಾಕಿ ಅಲ್ಲ ಅದ್ರಾಗ ಕುಂದ್ರಾಕಿ."

"ಏನವಾ, ನಾವು ಕೂಸಿನ ಮ್ಯಾಲೆ ಕಣ್ಣು ಹಾಕೀವೇನು?" ಯಮನಮ್ಮ ಅಡುಗೆಮನೆಯಿಂದ ಬಂದಳು. "ಹುಡುಗ ಈಗ ನಾಕು ಮಂದಿ ಬಾಯಾಗ ಬಂದಾನ. ಅದೂ ಕಣ್ಣು ಕುಕ್ಕತೈತೇನು ನಿನಗ?"

"ಅತ್ತಿ, ಬೆಂಕಿ ಹತ್ತತೈತಿ ಅನ್ನಾಕತ್ತೀನಿ ನಾ."

"ಬಾಯಿಂದ ಒಳ್ಳೇದು ನುಡಿ!"

ದುರುಗಪ್ಪ ಕೂತಲ್ಲಿಂದಲೇ ದನಿ ಎತ್ತರಿಸಿದ. "ಗಾಡಿ ಆಕೀದು. ಆಕಿ ಕೀಳು ಅಂದ್ರ ಕಿತ್ತು ಹಾಕು. ಮುಗೀತು."

ಮರುದಿನ ಸುರೇಖಾಳಿಗೆ ರಜೆ, ಮಲಗಿದ್ದಳು. ಅಂಗಳದಲ್ಲಿ ಯಮನಮ್ಮ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ದುರುಗೇಶ ತಗಡಿನ ಮೇಲಿನ ಕೆಂಪು ಹಾಳೆ ಕಿತ್ತ. ಕೆಳಗೆ ಸುಟ್ಟ ಅಂಟು ಹುಣ್ಣಿನ ಕಲೆಯಂತೆ ಅಲ್ಲಲ್ಲಿ ಕೂತಿತ್ತು. ಪೆಟ್ರೋಲು ಹಾಕಿ ಉಜ್ಜಿದ. ಹೋಗಲಿಲ್ಲ. ಬ್ಲೇಡಿನಿಂದ ಕೆರೆದ. ಇನ್ನೂ ಅಸಹ್ಯವಾಯಿತು. ಆ ವಾರ ರಾಯಚೂರಿನಿಂದ ಒಬ್ಬ ಕೆಲಸ ನೋಡಲು ಬರುವವನಿದ್ದ, ಅಂಗಡಿಗೆ ದೊಡ್ಡ ಆರ್ಡರ್ ಕೊಡುವವನು. ದುರುಗೇಶ ಚೀಲದಿಂದ ಹೊಳಪಿಲ್ಲದ ಕರಿ ಹಾಳೆ ತೆಗೆದು ತಗಡಿನ ಮೇಲೆ ಬಿಗಿಯಾಗಿ ಅಂಟಿಸಿದ. ದೂರದಿಂದ ನೋಡಿದರೆ ಕಾವಿಗೆ ಕಪ್ಪಾದ ಬರೀ ತಗಡಿನಂತೆಯೇ ಕಾಣುತ್ತಿತ್ತು.

ಯಮನಮ್ಮ ಮೊರ ನಿಲ್ಲಿಸಿ ನೋಡಿದಳು. "ಮತ್ತ ಹಚ್ಚಿದೇನಲೇ?"

"ನಾಕು ದಿನ ಅವ್ವಾ. ಆ ಮನಷ್ಯ ಬಂದು ಹೋಗ್ಲಿ, ಕಿತ್ತ ಬಿಡ್ತೀನಿ. ಅತ್ತಿಗಿಗೆ ಹೇಳಬ್ಯಾಡ."

ಯಮನಮ್ಮ ಒಳಗೆ ಸೊಸೆ ಮಲಗಿದ್ದ ಕೋಣೆಯ ಕಡೆ ನೋಡಿದಳು. ಕಲ್ಲೊಂದನ್ನು ಆರಿಸಿ ಎಸೆದು ಮತ್ತೆ ಮೊರ ಆಡಿಸತೊಡಗಿದಳು.

"ತಗಡಿಂದು ಕಿತ್ತೀನಿ, ಉಳಿದದ್ದು ನಾಕು ದಿನ ಇರ್ಲಿ," ಎಂದು ದುರುಗೇಶ ಅತ್ತಿಗೆಗೆ ಹೇಳಿದ. ವಾಸನೆ ಹೋಗಲಿಲ್ಲ. ರಾಯಚೂರಿನ ಮನುಷ್ಯ ಇವತ್ತು ನಾಳೆ ಎನ್ನುತ್ತಾ ಬರಲೂ ಇಲ್ಲ. ಸುರೇಖಾ ಬಾನೆಟ್ ಎತ್ತಿ ನೋಡಿದಳು. ತಗಡಿನ ಕೆಂಪು ಹೋಗಿತ್ತು, ಕರಿ ಮಾತ್ರ ಕಂಡಿತು. ಮೆಕ್ಯಾನಿಕ್ ಹತ್ತಿರ ತೋರಿಸೋಣ ಎಂದು ಗಂಡನಿಗೆ ಹೇಳಿದಳು. ಅವನು ಪರೀಕ್ಷೆಯ ಪೇಪರು ತಿದ್ದುವುದಿದೆ, ಮುಂದಿನ ವಾರ ಅಂದ. ಮರುದಿನದಿಂದ ಅವಳು ಬಸ್ಸಿಗೆ ಹೊರಟಳು.

ಐದು ತಿಂಗಳು ತುಂಬಿದ ಬಸುರಿ, ಕೈಯಲ್ಲಿ ಬುತ್ತಿ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವುದನ್ನು ಓಣಿ ನೋಡಿತು. ನೀರಿಗೆ ಬಂದ ಹೆಂಗಸರು ಯಮನಮ್ಮನನ್ನು ಕೇಳಿದರು. "ಯಾಕಬೇ, ಕಾರು ಮನ್ಯಾಗ ನಿಂತೈತಿ, ಸೊಸಿ ಬಸ್ಸಿಗೆ ಹೊಂಟಾಳ?"

ಆ ಮಾತು ಯಮನಮ್ಮನಿಗೆ ನಾಟಿತು. ಸಂಜೆ ಸುರೇಖಾ ಬಸ್ಸಿಳಿದು ಬಂದು ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಾಗ ಎಲ್ಲರಿಗೂ ಕೇಳುವಂತೆ ಹೇಳಿದಳು.

"ನಾಳೆ ಲಿಂಗಸುಗೂರಿಗೆ ನನ್ನ ಕಣ್ಣು ತೋರ್ಸಾಕ ಹೋಗೂದೈತಿ. ಅದ ಗಾಡ್ಯಾಗ ಹೋಗ್ತೀನಿ. ದುರುಗೇಶ ಹೊಡಕೊಂಡು ಬರ್ತಾನ. ಮುಂದ ಕುಂತು ಹೋಗಿ, ತಿರುಗಿ ಬರ್ತೀನಿ. ಏನಾಗತೈತಿ ನೋಡೂಣು."

"ಅತ್ತಿ, ಹಟ ಬ್ಯಾಡ."

"ಹಟ ಯಾರದೈತಿ? ಮನಿ ಮಾನ ಬಸ್‌ಸ್ಟ್ಯಾಂಡಿನ್ಯಾಗ ನಿಲ್ಲಿಸಿದಾಕಿ ನೀನು."

ದುರುಗೇಶ ಮೊಬೈಲು ನೋಡುತ್ತಾ ಕೂತಿದ್ದ. ತಲೆ ಎತ್ತಿದ, ಅವ್ವನ ಮುಖ ನೋಡಿದ. ಅವಳೂ ಅವನ ಮುಖ ನೋಡಿದಳು. ಅವನು ಮತ್ತೆ ಮೊಬೈಲಿನ ಕಡೆ ತಲೆ ಬಾಗಿಸಿದ.

ಮುಂಜಾನೆ ಸುರೇಖಾ ಎಂದಿನಂತೆ ಬಸ್ಸಿಗೆ ಹೋದಳು. ಹಿಂದಿನಿಂದ ಯಮನಮ್ಮ ನೀಲಿ ಸೀರೆಯುಟ್ಟು ಕಾರಿನ ಮುಂದಿನ ಸೀಟಿನಲ್ಲಿ ಕೂತಳು. ಮೊಣಕಾಲು ನೋವಿನವಳು, ಕೂರಲು ಏಳಲು ಯಾರಾದರೂ ಕೈ ಕೊಡಬೇಕು. ದುರುಗಪ್ಪ ಹಿಂದೆ ಕೂತ. ಮಸ್ಕಿಯಲ್ಲಿ ನಿಂತು ಮಂಡಾಳ ಒಗ್ಗರಣೆ, ಮಿರ್ಚಿ ತಿಂದರು. ಯಮನಮ್ಮ ಖುಷಿಯಲ್ಲಿದ್ದಳು. "ಎಲ್ಲೈತಿ ವಾಸನಿ?" ಎಂದು ಎರಡೆರಡು ಸಲ ಕೇಳಿದಳು.

ಮಸ್ಕಿ ದಾಟಿ ಏರಿನಲ್ಲಿ ವಾಸನೆ ಬಂತು.

ದುರುಗಪ್ಪ ಮುಂದಕ್ಕೆ ಬಾಗಿದ. "ಲೇ, ನಿಲ್ಲಸು."

"ಲಿಂಗಸುಗೂರು ಬಂದ ಬಿಟ್ಟೈತಪ್ಪ."

"ನಿಲ್ಲಸು ಅಂದೆ!"

ನಿಲ್ಲಿಸುವಷ್ಟರಲ್ಲಿ ಏಸಿಯ ಕಿಂಡಿಗಳಿಂದ ಕರಿ ಹೊಗೆ ಒಳಗೇ ಬಂತು. ದುರುಗೇಶ ಬಾಗಿಲು ತೆಗೆದು ಹಾರಿ ಓಡಿದ್ದು ಬಾನೆಟ್ಟಿಗೆ. ಹಾಳೆ ಕಿತ್ತರೆ ಸಾಕು, ಎಲ್ಲಾ ನಿಲ್ಲುತ್ತದೆ ಎಂಬುದೊಂದೇ ಅವನ ತಲೆಯಲ್ಲಿ. ಬಾನೆಟ್ ಎತ್ತಿದ. ಒಳಗೆ ಹೊಗೆಯಾಡುತ್ತಿದ್ದದ್ದಕ್ಕೆ ಗಾಳಿ ಸಿಕ್ಕಿ ಭಗ್ಗನೆ ಎದ್ದಿತು. ಜೋತುಬಿದ್ದ ಕರಿ ಹಾಳೆ ಹೊಗೆ ಪೈಪಿನ ಮೇಲೆ ಕರಗಿ ಉರಿಯುತ್ತಿತ್ತು. ಅದರಿಂದ ವೈರಿಗೆ, ವೈರಿನಿಂದ ಕೆಂಪು ಮುಚ್ಚಳಕ್ಕೆ. ಗಾಜು ಸಿಡಿಯಿತು.

ಯಮನಮ್ಮನ ಸೀಟಿನ ಪಟ್ಟಿ ಬಿಚ್ಚಲಿಲ್ಲ, ಅಥವಾ ಬಿಚ್ಚುವುದು ಅವಳಿಗೆ ತಿಳಿಯಲಿಲ್ಲ. "ದುರುಗ್ಯಾ, ದುರುಗ್ಯಾ" ಎನ್ನುತ್ತಿದ್ದಳು. ಬಾಗಿಲು ತೆಗೆದು ಪಟ್ಟಿ ಬಿಚ್ಚಿ ಅವಳನ್ನು ರಸ್ತೆಗೆ ಎಳೆದವನು ದುರುಗಪ್ಪ. ನುಣುಪಿನ ಸೀರೆ ಅಷ್ಟರಲ್ಲಿ ಕಾಲಿಗೆ ಕರಗಿ ಅಂಟಿಕೊಂಡಿತ್ತು. ಅದನ್ನು ಬರಿಗೈಯಲ್ಲಿ ಬಡಿದು ಬಡಿದು ಆರಿಸಿದ.

ಟಂಟಂ ಆಟೊ ಒಂದು ಅವರನ್ನು ಲಿಂಗಸುಗೂರಿಗೆ ತಂದಿತು. ಸುರೇಖಾ ವಾರ್ಡಿನಲ್ಲಿ ಇಂಜೆಕ್ಷನ್ ಕೊಡುತ್ತಿದ್ದಳು. ಸುಟ್ಟವರು ಬಂದಾರೆ ಎಂದು ಕೂಗಿದ್ದು ಕೇಳಿ ಓಡಿ ಬಂದವಳು ಸ್ಟ್ರೆಚರಿನ ಮೇಲಿನ ಮುಖ ನೋಡಿದಳು. ಆಮೇಲೆ ಕತ್ತರಿ ತೆಗೆದುಕೊಂಡು ಸೀರೆ ಕತ್ತರಿಸತೊಡಗಿದಳು.

ಸಂಜೆಯೊಳಗೆ ಯಮನಮ್ಮನನ್ನು ರಾಯಚೂರಿನ ದೊಡ್ಡ ಆಸ್ಪತ್ರೆಗೆ ಒಯ್ದರು. ಪೊಲೀಸನೊಬ್ಬ ಬಂದು ಕೇಳಿದಾಗ ಅವಳೇ ಹೇಳಿದಳು. "ವೈರು ಶಾರ್ಟ್ ಆತು ಅಂತ ಬರ್ಕೋರಿ ಸಾಹೇಬ್ರ. ಹಳೇ ಗಾಡಿ." ದುರುಗಪ್ಪ ಬ್ಯಾಂಡೇಜು ಕಟ್ಟಿದ ಎರಡು ಕೈ ಮಡಿಲಲ್ಲಿ ಇಟ್ಟುಕೊಂಡು ಗೋಡೆ ನೋಡುತ್ತಿದ್ದ.

ಪೊಲೀಸನು ಹೋದ ಮೇಲೆ ಯಮನಮ್ಮ ಸೊಸೆಯನ್ನು ಹತ್ತಿರ ಕರೆದಳು. ಉಸಿರು ಸಣ್ಣಗಾಗಿತ್ತು.

"ಅಂವ ಮತ್ತ ಹಚ್ಚಿದ್ದು ನನಗ ಗೊತ್ತಿತ್ತವಾ."

ಸುರೇಖಾ ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟಳು.

"ಕರೇದು ಹಚ್ಚಿದ, ನಿನಗ ಕಾಣಬಾರ್ದು ಅಂತ. ನಾ ನೋಡಿದೆ, ಸುಮ್ಮನಿದ್ದೆ. ಈಗ ಅಂವನ ಹೆಸರು ಎಲ್ಲೂ ತಗೀಬ್ಯಾಡ. ಅಂಗಡಿ ಮುಚ್ಚತಾರ, ಜೇಲಿಗೆ ಹಾಕತಾರ. ನನ್ನ ಮ್ಯಾಲೆ ಆಣಿ ಮಾಡು."

"ಅತ್ತಿ, ಬ್ಯಾರೇದವ್ರ ಗಾಡಿಗೂ ಹಚ್ಚ್ಯಾನಲ್ಲ."

"ಆಣಿ ಮಾಡು."

ಸುರೇಖಾ ಅವಳ ಕೈ ಹಿಡಿದಳು. ಸಾಯುವವರ ಮುಖ ಅವಳು ಬಹಳ ನೋಡಿದ್ದಳು. "ನಾ ಹೇಳಂಗಿಲ್ಲತ್ತಿ," ಅಂದಳು.

ಆ ವಾರದ ಕೊನೆಗೆ ಯಮನಮ್ಮ ತೀರಿಕೊಂಡಳು.

ಮಣ್ಣಾದ ಮೇಲೆ ಸುರೇಖಾ ಮಾವನಿಗೆ ತುತ್ತು ಮಾಡಿ ತಿನ್ನಿಸುತ್ತಿದ್ದಳು. ದುರುಗೇಶ ತಾಟು ಎತ್ತಿಕೊಂಡು ಹಿತ್ತಲಲ್ಲಿ ಕೂತು ಉಣ್ಣುತ್ತಿದ್ದ. ಒಮ್ಮೆ ಸುರೇಖಾ ಅವನ ಹಿಂದೆ ಹೋಗಿ ನಿಂತಳು.

"ಹಚ್ಚಿಸಿಕೊಂಡವರಿಗೆಲ್ಲಾ ಹೇಳೀದೇನು?"

"ಹೆಂಗ ಹೇಳ್ಲಿ ಅತ್ತಿಗಿ? ಹೇಳಿದ್ರ ಅವ್ವನ್ನ ನಾನ ಕೊಂದೆ ಅಂದಂಗ."

"ನಾ ನಿಮ್ಮವ್ವಗ ಮಾತು ಕೊಟ್ಟೀನಿ. ನಾ ಬಾಯಿ ಬಿಡಂಗಿಲ್ಲ. ನೀ ಯಾರಿಗೂ ಕೊಟ್ಟಿಲ್ಲ."

ಅವನು ಉಣ್ಣುವುದನ್ನು ನಿಲ್ಲಿಸಿದ. ಆದರೆ ಎದ್ದು ಹೋಗಲಿಲ್ಲ. ಅವತ್ತೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಸುರೇಖಾ ಆಸ್ಪತ್ರೆಯಲ್ಲಿ ಆಂಬುಲೆನ್ಸಿನ ಸದ್ದು ಕೇಳಿದಾಗಲೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು.

ಯಮನಮ್ಮನ ನೆನಪಿನ ದಿನದ ಊಟಕ್ಕೆ ಮಂದಿ ಸೇರಿದರು. ಬುದ್ಧನ ಪಟದ ಪಕ್ಕ ಅವಳ ಫೋಟೋ ಇಟ್ಟು ಬುದ್ಧಂ ಸರಣಂ ಗಚ್ಛಾಮಿ ಎಂದು ತ್ರಿಸರಣ ಹೇಳಿದರು. ಅಂಗಳದಲ್ಲಿ ಶಾಮಿಯಾನ, ಹುಗ್ಗಿ, ಅನ್ನ, ಬದನೆಕಾಯಿ ಪಲ್ಯ. ಪಂಕ್ತಿ ಕೂತಿದ್ದಾಗ ಇಸ್ಮಾಯಿಲ್‌ಸಾಬ್ ಬಂದ. ಗಾಡಿಯ ತುಂಬ ಮಂದಿ: ಹೆಂಡತಿ, ಇಬ್ಬರು ಸೊಸೆಯರು, ಅವರ ಮಕ್ಕಳು. ದುರುಗಪ್ಪನ ತೋಳು ಹಿಡಿದು, "ದುರುಗಪ್ಪಾರ, ಖುದಾ ನಿಮಗ ಸಬರ್ ಕೊಡ್ಲಿ," ಎಂದು ಕಣ್ಣು ಒರೆಸಿಕೊಂಡ.

ದುರುಗೇಶ ನೀರಿನ ಜಗ್ಗು ಹಿಡಿದು ಎಲೆಗಳ ನಡುವೆ ನಿಂತಿದ್ದ. ಕಾಂಪೌಂಡಿನ ಆಚೆ ಆ ಗಾಡಿ ನಿಂತಿತ್ತು. ಅದರ ಬಾನೆಟ್ಟಿನ ಮೇಲೆ ಬಿಸಿಲು ನಡುಗುತ್ತಿತ್ತೋ, ಕಾವು ನಡುಗುತ್ತಿತ್ತೋ. ಗಾಳಿ ತಿರುಗಿದಾಗ ಆ ಸಿಹಿ ವಾಸನೆ ಊಟದ ವಾಸನೆಯ ನಡುವೆ ಸಣ್ಣಗೆ ಬಂತು. ಬಡಿಸುತ್ತಿದ್ದ ಸುರೇಖಾ ಸೌಟು ಹಿಡಿದೇ ನಿಂತಳು. ಅವನ ಕಡೆ ನೋಡಿದಳು.

ಊಟ ಮುಗಿಯಿತು. ಇಸ್ಮಾಯಿಲ್‌ಸಾಬ್ ಕೈ ತೊಳೆದು ಹೊರಡಲು ನಿಂತ. ಮಕ್ಕಳು ಆಗಲೇ ಓಡಿ ಹೋಗಿ ಹಿಂದಿನ ಸೀಟು ಹತ್ತಿದ್ದವು.

"ಚಾವಿ ಕೊಡ್ರಿ ಕಾಕಾ," ಅಂದ ದುರುಗೇಶ. "ಮಕ್ಕಳನ್ನ ಇಳಸ್ರಿ."

"ಯಾಕಪಾ?"

ದುರುಗೇಶ ಚಾವಿ ಇಸಕೊಂಡು ಬಾನೆಟ್ ತೆಗೆದ. ಕಾವು ಮುಖಕ್ಕೆ ಹೊಡೆಯಿತು. ಹೊಗೆ ಪೈಪಿನ ತಗಡಿನ ಮೇಲೆ ಕೆಂಪು ಹಾಳೆ ಅಂಚಿನಲ್ಲಿ ಕಪ್ಪಾಗಿ ಜೋತಿತ್ತು. ಬರಿ ಬೆರಳಲ್ಲೇ ಹಿಡಿದು ಎಳೆದ. ಹಾಳೆ ಚರ್ಮದಂತೆ ಸುಲಿದು ಬಂತು.

"ಹಾಳ ಮಾಡಬ್ಯಾಡೋ, ಚಂದ ಐತಿ!" ಅಂದ ಇಸ್ಮಾಯಿಲ್‌ಸಾಬ್.

"ಇದ ಹಾಳಿಗೆ ನಮ್ಮ ಗಾಡಿ ಸುಟ್ಟಿದ್ದು ಕಾಕಾ." ಊಟದ ಎಲೆ ಎತ್ತುತ್ತಿದ್ದವರು ಕೂಡ ತಿರುಗಿ ನೋಡಿದರು. "ವೈರು ಅಲ್ಲ. ಅತ್ತಿಗಿ ಕೀಳು ಅಂದ್ರು. ಕಿತ್ತೀನಿ ಅಂತ ಸುಳ್ಳು ಹೇಳಿದೆ. ಅವ್ವ ನನ್ನಿಂದ ಸತ್ತಾಳ."

ಇಸ್ಮಾಯಿಲ್‌ಸಾಬ್ ಗಾಡಿಯ ಬಾಗಿಲು ತೆಗೆದು ಮೊಮ್ಮಕ್ಕಳನ್ನು ಒಂದೊಂದಾಗಿ ಎತ್ತಿ ಕೆಳಗಿಟ್ಟ. ಚಿಕ್ಕದನ್ನು ಎದೆಗೆ ಹಿಡಿದುಕೊಂಡೇ ನಿಂತ. ಶಿವಪ್ರಸಾದ ತಮ್ಮನ ಕಡೆ ಒಂದು ಹೆಜ್ಜೆ ಇಟ್ಟು, ಹೊಡೆಯಲೋ ಹಿಡಿಯಲೋ ತಿಳಿಯದೆ ಅಲ್ಲೇ ಉಳಿದ.

ದುರುಗಪ್ಪ ಕುರ್ಚಿಯಿಂದ ಎದ್ದ. ಹೆಂಡತಿ ಸತ್ತ ದಿನದಿಂದ ಅವನು ಕಿರಿಯ ಮಗನ ಜೊತೆ ಒಂದು ಮಾತೂ ಆಡಿರಲಿಲ್ಲ.

"ಇನ್ನ ಯಾರ್ಯಾರ ಗಾಡಿಗೆ ಹಚ್ಚೀದಿ?"

ದುರುಗೇಶ ಹೆಸರು, ನಂಬರು ಹೇಳತೊಡಗಿದ. ಸಾಲಗುಂದದ ಹುಸೇನ್‌ಸಾಬ್. ಬಳಗಾನೂರಿನ ಸಿದ್ದರಾಮೇಶ. ಸುರೇಖಾ ಸೌಟು ಇಟ್ಟು ಮೊಬೈಲು ತೆಗೆದಿದ್ದಳು. ಶಿವಪ್ರಸಾದನೂ ತೆಗೆದ. ಫೋನಿಗೆ ಸಿಕ್ಕವರಲ್ಲಿ ಒಬ್ಬನ ಗಾಡಿ ಮನೆ ಮುಂದೆ ನಿಂತಿತ್ತು. ಇನ್ನೊಬ್ಬ ಹಾಳೆ ಆಗಲೇ ತೆಗೆಸಿದ್ದ.

"ಮಸ್ಕಿ ಗಾಳೆಪ್ಪ," ಅಂದ ದುರುಗೇಶ. ಆಮೇಲೆ ನಿಂತ. "ಅಂವ ಇವತ್ತು ಮದಿವಿ ಮಂದಿ ಕರಕೊಂಡು ಹೋಗ್ಯಾನ. ಸ್ಟೇಟಸ್ ಹಾಕಿದ್ದ."

ಸುರೇಖಾ ಫೋನು ಹಚ್ಚಿದಳು. ರಿಂಗಾಗಿ ನಿಂತಿತು. ಮತ್ತೆ ಹಚ್ಚಿದಳು. ಅಂಗಳದ ತುಂಬ ಮಂದಿ ಅವಳ ಕಿವಿಯನ್ನೇ ನೋಡುತ್ತಿದ್ದರು. ಕಡೆಗೊಮ್ಮೆ ಆ ಕಡೆಯಿಂದ ಗದ್ದಲ, ಹೆಂಗಸರ ಹಾಡು, ಎಂಜಿನ್ನಿನ ಸದ್ದು ಕೇಳಿತು.

"ಗಾಳೆಪ್ಪಣ್ಣ, ಗಾಡಿ ಬದಿಗೆ ನಿಲ್ಲಸ್ರಿ. ಬಾನೆಟ್ ತಗೀಬ್ಯಾಡ್ರಿ. ಮದ್ಲ ಮಂದೀನ ಇಳಸ್ರಿ."

"ಯಾಕ್ರೀ, ಯಾರು ಮಾತಾಡಾಕತ್ತೀರಿ?"

ಸುರೇಖಾ ಫೋನನ್ನು ದುರುಗೇಶನ ಕಡೆ ಚಾಚಿದಳು. ಹಾಳೆ ಕಿತ್ತ ಅವನ ಬೆರಳ ತುದಿಗಳು ಬೊಬ್ಬೆ ಎದ್ದಿದ್ದವು. ಎರಡೂ ಅಂಗೈ ಕೂಡಿಸಿ ಅದನ್ನು ಇಸಕೊಂಡು ಕಿವಿಗೆ ಹಿಡಿದ.

"ಅಣ್ಣಾ, ನಾ ದುರುಗೇಶ," ಅಂದ.